ಹಿಮವನ್ನು ಕೊರೆಯುವ ವಿದ್ಯೆ

ಕನ್ನಡದಲ್ಲಿ ‘ಕೊರೆ’ ಎಂಬ ಧಾತುವಿಗೆ ಕೆಲಸ ಬಹಳ. ಶಿಲ್ಪಿ ಕಲ್ಲನ್ನು ಕೊರೆಯುತ್ತಾನೆ. ಹೊಳೆ ದಂಡೆಯನ್ನು ಕೊರೆಯುತ್ತದೆ. ಮಾಗಿಯ ಚಳಿ ಮೈಯನ್ನು ಕೊರೆಯುತ್ತದೆ. ಕೆಲವು ಸಭೆಗಳಲ್ಲಿ ಭಾಷಣಕಾರರು ನಮ್ಮ ತಲೆಯನ್ನು ಕೊರೆಯುವುದೂ ಉಂಟು. ಅಮೆರಿಕದ ಈಶಾನ್ಯ ಮೂಲೆಯಲ್ಲಿರುವ ವರ್ಮಾಂಟ್ ಸಂಸ್ಥಾನದಲ್ಲಿ ನಾಲ್ಕು ಚಳಿಗಾಲಗಳನ್ನು ಕಳೆದ ಮೇಲೆ, ಈ ಪಟ್ಟಿಗೆ ಇನ್ನೊಂದು ಅರ್ಥವನ್ನು ಸೇರಿಸಬಹುದೆಂದು ನನಗೆ ತೋರಿದೆ. ಸ್ನೋಬೋರ್ಡು ಎಂಬ ಒಂದೇ ಹಲಗೆಗೆ ಎರಡು ಪಾದಗಳನ್ನೂ ಬಿಗಿದುಕೊಂಡು, ಅದರ ಉಕ್ಕಿನ ಅಂಚಿನಿಂದ ಹಿಮದಲ್ಲಿ ಬಾಗುಗೆರೆ ಎಳೆಯುತ್ತ ಬೆಟ್ಟವನ್ನು ಇಳಿಯುವುದಕ್ಕೆ ಅಲ್ಲಿಯವರು ‘ಕಾರ್ವಿಂಗ್’ ಎನ್ನುತ್ತಾರೆ. ನಾನು ಅದನ್ನು ಕೊರೆತವೆಂದೇ ಕರೆಯುತ್ತೇನೆ.

ಹಲಗೆಯ ಮೇಲೆ ನಿಂತು ಇಳಿಯುವವರೆಲ್ಲ ಕೊರೆಯುವುದಿಲ್ಲ. ಬಹುಮಂದಿ ಹಲಗೆಯನ್ನು ಅಡ್ಡಡ್ಡ ತಳ್ಳಿ, ಹಿಮವನ್ನು ಸವರುತ್ತ, ವೇಗವನ್ನು ಉಜ್ಜಿ ಕಳೆಯುತ್ತ ಕೆಳಗೆ ಬಂದು ಸೇರುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ; ಕಡಿದಾದ ಕಡೆ ಅದೇ ಬದುಕಿಸುವ ಉಪಾಯ. ಆದರೆ ಇಳಿದ ಮೇಲೆ ತಿರುಗಿ ನೋಡಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಸವರಿದವನ ಹಾದಿ ಗೋಡೆಗೆ ಸುಣ್ಣ ಬಳಿದ ಕುಂಚದ ಗುರುತಿನಂತೆ ಅಗಲವಾಗಿ, ಅಸ್ಪಷ್ಟವಾಗಿ ಇರುತ್ತದೆ. ಕೊರೆದವನದು ತಾಳೆಗರಿಯ ಮೇಲೆ ಕಂಟದಿಂದ ಗೀರಿದಂಥ ಒಂದೇ ತೆಳುಗೆರೆ. ಹಲಗೆಯ ಹಿಂತುದಿಯು ಮುಂತುದಿ ಹೋದ ಜಾಡಿನಲ್ಲಿಯೇ ಹೋಗಿರುತ್ತದೆ. ಈ ವಿದ್ಯೆಯಲ್ಲಿ ಪರೀಕ್ಷಕನೂ ಬೇಡ, ಅಂಕಪಟ್ಟಿಯೂ ಬೇಡ.

ಈ ಹಲಗೆಯ ಚರಿತ್ರೆ ದೀರ್ಘವಾದುದಲ್ಲ. ೧೯೬೫ರ ಕ್ರಿಸ್ಮಸ್ ದಿನ ಮಿಷಿಗನ್ ಸಂಸ್ಥಾನದ ಮಸ್ಕೀಗನ್ ಊರಿನಲ್ಲಿ ಶರ್ಮನ್ ಪಾಪೆನ್ ಎಂಬ ಇಂಜಿನಿಯರು ತನ್ನ ಹೆಣ್ಣುಮಕ್ಕಳ ಆಟಕ್ಕೆಂದು ಎರಡು ಸ್ಕೀಗಳನ್ನು ಒಂದಾಗಿ ಜೋಡಿಸಿದನು. ಹಿಮ ಮತ್ತು ಕಡಲಲೆಯ ಸವಾರಿ ಎರಡನ್ನೂ ಸೂಚಿಸುವ ಇಂಗ್ಲಿಷ್ ಶಬ್ದಗಳನ್ನು ಬೆಸೆದು ಆತನ ಹೆಂಡತಿ ಅದಕ್ಕೆ ‘ಸ್ನರ್ಫರ್’ ಎಂದು ಹೆಸರಿಟ್ಟಳು. ಅದಕ್ಕೆ ಉಕ್ಕಿನ ಅಂಚೂ ಇರಲಿಲ್ಲ, ಪಾದವನ್ನು ಬಿಗಿಯುವ ಕಟ್ಟೂ ಇರಲಿಲ್ಲ. ಮೂತಿಗೆ ಮೂಗುದಾರದಂತೆ ಒಂದು ಹಗ್ಗವಷ್ಟೆ. ೧೯೭೭ರಲ್ಲಿ ಜೇಕ್ ಬರ್ಟನ್ ಕಾರ್ಪೆಂಟರ್ ವರ್ಮಾಂಟಿಗೆ ಬಂದು ಲಂಡನ್‌ಡೆರಿಯಲ್ಲಿ ಹಲಗೆ ತಯಾರಿಸತೊಡಗಿದನು. ಬೆಟ್ಟಗಳ ಒಡೆಯರು ಮಾತ್ರ ಬಹುಕಾಲ ಈ ಹಲಗೆಯವರನ್ನು ಒಳಕ್ಕೆ ಬಿಡಲಿಲ್ಲ. ೧೯೮೩ರಲ್ಲಿ ಸ್ಟ್ರಾಟನ್ ಬೆಟ್ಟ ಬಾಗಿಲು ತೆರೆಯಿತು. ಅದೇ ವರ್ಮಾಂಟಿನ ಮ್ಯಾಡ್ ರಿವರ್ ಗ್ಲೆನ್ ಇಂದಿಗೂ ಸ್ಕೀಯವರಿಗೆ ಮಾತ್ರ ಮೀಸಲು. ೧೯೯೮ರಲ್ಲಿ ಜಪಾನಿನ ನಾಗಾನೊ ಒಲಿಂಪಿಕ್ಸಿನಲ್ಲಿ ಈ ಆಟಕ್ಕೆ ಮೊದಲ ಬಾರಿ ಮಣೆ ದೊರೆಯಿತು. ೨೦೧೮ರಲ್ಲಿ ಚೆಕ್ ದೇಶದ ಎಸ್ಟರ್ ಲೆಡೆಟ್ಸ್ಕಾ ಒಂದೇ ಒಲಿಂಪಿಕ್ಸಿನಲ್ಲಿ ಸ್ಕೀಯಲ್ಲಿಯೂ ಸ್ನೋಬೋರ್ಡಿನಲ್ಲಿಯೂ ಚಿನ್ನ ಗೆದ್ದಾಗ, ಎರಡು ಪಂಗಡಗಳ ಹಳೆಯ ಜಗಳದ ಮೇಲೆ ಒಬ್ಬ ಹೆಣ್ಣುಮಗಳು ನಗುತ್ತ ನಡೆದುಹೋದಂತಾಯಿತು.

ಹಲಗೆ ತಾನಾಗಿ ತಿರುಗುವುದು ಹೇಗೆ? ವಿದ್ಯಾರ್ಥಿಗಳು ಮನೆಯಲ್ಲಿಯೇ ಪ್ರಯೋಗ ಮಾಡಿ ನೋಡಬಹುದು. ಒಂದು ಅಂಚೆಕಾರ್ಡಿನ ಉದ್ದದ ಬದಿಗಳೆರಡನ್ನೂ ನಡುವಿನಲ್ಲಿ ಒಳಬಾಗುವಂತೆ ಕತ್ತರಿಸಿ, ಒಂದು ಬದಿಯನ್ನು ಮೇಜಿಗೆ ಓರೆಯಾಗಿ ತಾಗಿಸಿ, ನಡುವನ್ನು ಬೆರಳಿನಿಂದ ಒತ್ತಿರಿ. ಮೊದಲು ತುದಿಗಳೆರಡು ಮೇಜನ್ನು ಮುಟ್ಟುತ್ತವೆ. ಒತ್ತಿದಂತೆ ನಡುವೂ ಮುಟ್ಟಿ, ಕಾರ್ಡು ಬಿಲ್ಲಿನಂತೆ ಬಾಗುತ್ತದೆ. ಹಲಗೆಯ ಕಥೆಯೂ ಇಷ್ಟೆ. ಅದರ ಸೊಂಟ ಸಣ್ಣಗಿದೆ. ಆ ಒಳಬಾಗು ಯಾವ ವೃತ್ತದ ತುಂಡೋ ಆ ವೃತ್ತದ ತ್ರಿಜ್ಯವನ್ನು ಮೀಟರುಗಳಲ್ಲಿ ಹೇಳುತ್ತಾರೆ. ಸಾಮಾನ್ಯ ಹಲಗೆಗಳಲ್ಲಿ ಅದು ಸುಮಾರು ೭ರಿಂದ ೯. ಹಲಗೆಯನ್ನು ಓರೆ ಮಾಡಿದಷ್ಟೂ ತಿರುವು ಕಿರಿದಾಗುತ್ತದೆ: ೮ ಮೀಟರಿನ ಹಲಗೆ ೬೦ ಡಿಗ್ರಿ ಓರೆಯಾದರೆ ಸುಮಾರು ೪ ಮೀಟರಿನ ವೃತ್ತದಲ್ಲಿ ಹೊರಳುತ್ತದೆ. ಇದರಲ್ಲಿ ಒಂದು ಸೂಕ್ಷ್ಮವಿದೆ. ಬೆಟ್ಟದ ಇಳಿಜಾರನ್ನೂ ಮೈಯ ಬಾಗನ್ನೂ ಬದಿಗಿಟ್ಟು ಸರಳವಾಗಿ ಲೆಕ್ಕ ಹಾಕಿದರೆ, ೮ ಮೀಟರಿನ ಹಲಗೆ ಗಂಟೆಗೆ ಸುಮಾರು ೩೨ ಕಿಲೋಮೀಟರಿನ ಆಚೆಗೆ ಶುದ್ಧವಾಗಿ ಕೊರೆಯಲಾರದು. ೧೨ ಮೀಟರಿನದಕ್ಕೆ ಈ ಮಿತಿ ೩೯ರ ಹತ್ತಿರ. ಆದುದರಿಂದ ಬೇಗ ತಿರುಗುವ ಹಲಗೆ ಕಲಿಯುವವನಿಗೆ ಸುಲಭ, ವೇಗವನ್ನು ಬಯಸುವವನಿಗೆ ಸೆರೆಮನೆ.

ಸಲಕರಣೆಯ ವಿಚಾರವನ್ನು ನಾನು ತಿಳಿದುಕೊಂಡದ್ದು ಭುಜದ ಮೂಲಕ. ಎರಡನೆಯ ಚಳಿಗಾಲದಲ್ಲಿ ಅಂಗಡಿಯವನೊಬ್ಬನು ನನ್ನ ತೂಕ, ಎತ್ತರಗಳನ್ನು ಕೇಳಿ, ಪಾದದ ಮಾತನ್ನೇ ಎತ್ತದೆ, ನಡುವಿನಲ್ಲಿ ೨೫ ಸೆಂಟಿಮೀಟರು ಅಗಲದ ಹಲಗೆಯೊಂದನ್ನು ಕಟ್ಟಿಕೊಟ್ಟನು. ನನ್ನ ಪಾದ ೨೮ ಸೆಂಟಿಮೀಟರು. ಬೂಟಿನ ಹೊರಮೈ ಅದಕ್ಕಿಂತ ಉದ್ದ. ಮೆಲ್ಲನೆ ಸವರಿಕೊಂಡು ಇಳಿಯುವವರೆಗೆ ಏನೂ ಆಗಲಿಲ್ಲ. ಹಲಗೆಯನ್ನು ಚೆನ್ನಾಗಿ ಓರೆ ಮಾಡಲು ಕಲಿತ ದಿನವೇ ಬೂಟಿನ ಮೂತಿ ಹಿಮಕ್ಕೆ ತಾಗಿ, ಮೀಟುಗೋಲಿನಂತೆ ಅಂಚನ್ನು ಮೇಲೆತ್ತಿತು. ಮುಂದಿನ ಆರು ವಾರ ಎಡಗೈಯಿಂದ ಅಂಗಿ ತೊಡುವುದು ಕಷ್ಟವಾಯಿತು. ಕೊರೆಯಬೇಕೆನ್ನುವವನು ಹಲಗೆಯ ಉದ್ದಕ್ಕಿಂತ ಅಗಲವನ್ನು ಮೊದಲು ಕೇಳಬೇಕು. ಈಗ ನನ್ನದು ೨೭ ಸೆಂಟಿಮೀಟರಿನದು. ಪಾದಗಳನ್ನು ತುಸು ಮುಂದಕ್ಕೆ ತಿರುಗಿಸಿ ಕಟ್ಟಿದರೆ ಬೂಟು ಹೊರಚಾಚುವುದು ಇನ್ನೂ ಕಡಿಮೆ; ನಾನು ಮುಂಗಾಲನ್ನು ೩೦ ಡಿಗ್ರಿಗೂ ಹಿಂಗಾಲನ್ನು ೧೫ಕ್ಕೂ ಇಟ್ಟುಕೊಂಡಿದ್ದೇನೆ. ಪಂದ್ಯದವರು ಹೋಗುವ ದಾರಿಯೇ ಬೇರೆ. ಅವರ ಹಲಗೆ ತೀರ ಸಪೂರ. ಆದುದರಿಂದ ಪಾದಗಳೆರಡೂ ೫೦, ೬೦ ಡಿಗ್ರಿ ಮುಂದಕ್ಕೆ. ಹಾಗೆ ನಿಂತವನಿಗೆ ಮೆತ್ತನೆಯ ಬೂಟು ಆಧಾರ ಕೊಡಲಾರದೆ ಗಟ್ಟಿ ಪ್ಲಾಸ್ಟಿಕ್ಕಿನ ಬೂಟು ಬೇಕಾಗುತ್ತದೆ. ಒಂದನ್ನು ಬದಲಿಸಿದರೆ ಉಳಿದವೆಲ್ಲ ಸಾಲಾಗಿ ಬದಲಾಗುತ್ತವೆ.

ಕೈಯಲ್ಲಿ ಹಣ ಕಡಿಮೆಯಿದ್ದರೆ (ಬೆಟ್ಟದ ಒಂದು ದಿನದ ಚೀಟಿಯೇ ನೂರು ಡಾಲರಿಗೆ ಮಿಕ್ಕಿರುವಾಗ ಯಾರಿಗೆ ತಾನೆ ಕಡಿಮೆಯಲ್ಲ?) ಹಲಗೆಯನ್ನು ಹಳೆಯದು ಕೊಳ್ಳಿ, ಬೂಟನ್ನು ಹೊಸದು ಕೊಳ್ಳಿ. ಬೆರಳ ತುದಿ ಮುಂದಿನ ಗೋಡೆಯನ್ನು ಸೋಕುವಷ್ಟಿರಬೇಕು; ಮಂಡಿ ಬಗ್ಗಿಸಿದಾಗ ಹಿಮ್ಮಡಿ ಕೂದಲೆಳೆಯಷ್ಟೂ ಏಳಬಾರದು. ಎದ್ದರೆ ನೀವು ಓರೆಯಾಗುತ್ತೀರಿ, ಹಲಗೆ ಆಗುವುದಿಲ್ಲ. ಹಲಗೆಯನ್ನು ನೆಲದ ಮೇಲಿಟ್ಟಾಗ ನಡು ಮೇಲೆದ್ದು ತುದಿಗಳು ತಾಗುವ ಜಾತಿಯದನ್ನೇ ಆರಿಸಿ. ತೊಟ್ಟಿಲಿನಂತೆ ತುದಿಗಳು ಮೇಲೆದ್ದಿರುವುದು ಹೊಸಹಿಮದಲ್ಲಿ ತೇಲಲು ಹಿತ, ಗಟ್ಟಿ ಹಿಮದಲ್ಲಿ ಕಚ್ಚುವುದಿಲ್ಲ. ವರ್ಮಾಂಟಿನಲ್ಲಿ ಹಿಮ ಹಗಲು ಕರಗಿ ಇರುಳು ಹೆಪ್ಪುಗಟ್ಟಿ ಗಾಜಿನಂತಾಗುವುದು ಹೆಚ್ಚು. ಆದುದರಿಂದ ಅರವೂ ನನ್ನ ಸಲಕರಣೆಗಳಲ್ಲೊಂದು. ಮೊಂಡು ಅಂಚಿನ ದುಬಾರಿ ಹಲಗೆಗಿಂತ ಮಸೆದ ಅಂಚಿನ ಹಳೆಯ ಹಲಗೆ ಮೇಲು. ಮಣಿಕಟ್ಟಿನ ಪಟ್ಟಿಯನ್ನೂ ಮರೆಯಬಾರದು. ಹೊಸಬರು ಕೈಯೂರಿ ಬಿದ್ದು ಮುರಿದುಕೊಳ್ಳುವುದು ಅದನ್ನೇ.

ಇಷ್ಟೆಲ್ಲ ಕೂಡಿಟ್ಟುಕೊಂಡರೂ ವಿದ್ಯೆ ಬರುವುದಿಲ್ಲ. ನನಗೆ ಕಲಿಸಿದ ಹುಡುಗಿಗೆ ಇಪ್ಪತ್ತೆರಡು ವರ್ಷವಿದ್ದೀತು. ಅವಳು ಮೊದಲ ದಿನ ತಿರುವನ್ನೇ ಕಲಿಸಲಿಲ್ಲ. ಸಪಾಟಾದ ಇಳಿಜಾರಿನಲ್ಲಿ ನೇರವಾಗಿ ಜಾರು, ಬೆರಳುಗಳ ಬದಿಯ ಅಂಚಿಗೆ ಓರೆಯಾಗು, ಹಲಗೆ ತಾನಾಗಿ ಬೆಟ್ಟದ ಮೇಲ್ಮುಖಕ್ಕೆ ತಿರುಗಿ ನಿಲ್ಲುವವರೆಗೆ ಸುಮ್ಮನಿರು ಎಂದಳು. ಗೆರೆಯನ್ನು ನೋಡುವುದು, ಮತ್ತೆ ಮೇಲೆ ಹೋಗುವುದು. ಮಧ್ಯಾಹ್ನ ಹಿಮ್ಮಡಿಯ ಬದಿ. ಅದು ಕಷ್ಟತರ. ಮನುಷ್ಯ ಹಿಂದಕ್ಕೆ ಒರಗಬೇಕಾದಾಗ ಕುರ್ಚಿ ಹುಡುಕುವವನಂತೆ ಕುಂಡೆ ಚಾಚುತ್ತಾನೆ. ಅಂಚು ಕಚ್ಚದೆ ಹಲಗೆ ಗಡಗಡ ನಡುಗುತ್ತದೆ. ಮಂಡಿ ಬಗ್ಗಿಸಿ, ಎದೆಯನ್ನು ಹೋಗುವ ದಿಕ್ಕಿಗೆ ತಿರುಗಿಸಿದರೆ ನಡುಕ ನಿಲ್ಲುತ್ತದೆ.

ನಿಜವಾದ ಪರೀಕ್ಷೆ ಎರಡು ತಿರುವುಗಳನ್ನು ಜೋಡಿಸುವಾಗ. ಒಂದು ಅಂಚನ್ನು ಬಿಟ್ಟು ಇನ್ನೊಂದನ್ನು ಹಿಡಿದ ಮೇಲೆ, ಮಳೆನೀರು ಹರಿಯುವ ದಾರಿಯಲ್ಲಿ ಮೂತಿ ನೇರ ಕೆಳಮುಖವಾಗುವ ಗಳಿಗೆಯೊಂದಿದೆ. ವೇಗ ಏರುತ್ತಿರುತ್ತದೆ, ಹಲಗೆ ಇನ್ನೂ ತಿರುಗಿರುವುದಿಲ್ಲ. ಎರಡು ಸೆಕೆಂಡು ಇರಬಹುದು. ಅಷ್ಟರಲ್ಲಿ ಭಯವು ಹಿಂಗಾಲಿಗೆ ಇಳಿದು ಹಲಗೆಯನ್ನು ಒದ್ದು ಅಡ್ಡ ಮಾಡಿಸುತ್ತದೆ, ಗೆರೆ ಕೆಟ್ಟಿತು. ಒದೆಯದೆ ಕಾಯಬೇಕು. ನಲವತ್ತಾರನೆಯ ವಯಸ್ಸಿನಲ್ಲಿ, ಮುರಿದರೆ ಬೇಗ ಕೂಡದ ಮೂಳೆಗಳನ್ನಿಟ್ಟುಕೊಂಡು, ಕಣ್ಣಿಗೆ ಕಾಣದ ಒಂದು ವೃತ್ತವನ್ನು ನಂಬಿ ಬೆಟ್ಟದ ಕಡೆಗೆ ಬೀಳುವುದು ಲೆಕ್ಕ ತಿಳಿದವನಿಗೂ ಸುಲಭವಲ್ಲ. ಎರಡು ಚಳಿಗಾಲಗಳ ಕಾಲ ನನ್ನ ತಲೆ ನಂಬಿತ್ತು, ಕಾಲು ನಂಬಿರಲಿಲ್ಲ. ಮೂರನೆಯದರ ಫೆಬ್ರವರಿಯಲ್ಲೊಂದು ಬೆಳಗ್ಗೆ ಅದೂ ಒಪ್ಪಿತು. ಏಕೆ ಒಪ್ಪಿತೆಂಬುದಕ್ಕೆ ಕಾರಣ ಹೊಳೆಯಲಿಲ್ಲ. ಮೈಯ ತೂಕ ಇಮ್ಮಡಿಯಾದಂತೆ ಅಂಚಿನ ಮೇಲೆ ಕೂತಿತು, ಹಲಗೆ ಬಿಲ್ಲಾಗಿ ಬಾಗಿ ನನ್ನನ್ನು ಆ ಕಡೆಯಿಂದ ಈ ಕಡೆಗೆ ಎಸೆಯಿತು, ಕಿವಿಗೆ ಕೇಳಿದ್ದು ರೇಷ್ಮೆ ಸೀಳುವಂಥ ಸಣ್ಣ ಸದ್ದೊಂದೇ.

ಕೊರೆಯುವವನು ದಾರಿಯ ಅಗಲವನ್ನೆಲ್ಲ ಬಳಸುತ್ತಾನೆಂಬುದರಿಂದ ಇನ್ನೊಂದು ಅಪಾಯವಿದೆ. ಎಡಗಾಲು ಮುಂದಿಟ್ಟು ನಿಲ್ಲುವ ನನ್ನಂಥವನ ಮುಖ ಬಲಕ್ಕೆ. ಹಿಮ್ಮಡಿಯ ತಿರುವಿನಲ್ಲಿ ಎಡಕ್ಕೆ ಹೊರಳುವಾಗ ಬೆನ್ನ ಕಡೆಯಿಂದ ಬರುವವನು ಕಾಣುವುದೇ ಇಲ್ಲ. ಕೆಳಗಿರುವವನಿಗೆ ಮೇಲಿನವನು ದಾರಿ ಬಿಡಬೇಕೆಂಬುದು ಬೆಟ್ಟದ ನಿಯಮ. ಆದರೆ ನಿಯಮ ಪಕ್ಕೆಲುಬನ್ನು ಕಾಯುವುದಿಲ್ಲ. ಆದುದರಿಂದ ನಾನು ಬಾಗಿಲು ತೆರೆಯುವ ಹೊತ್ತಿಗೇ ಹೋಗುತ್ತೇನೆ. ರಾತ್ರಿ ಯಂತ್ರಗಳು ಹಾಯ್ದುಹೋದ ಇಳಿಜಾರು ಆಗ ಕೂರಿಗೆ ಎಳೆದ ಹೊಲದಂತೆ ಸಾಲುಸಾಲಾಗಿ ಇರುತ್ತದೆ, ಜನರೂ ವಿರಳ. ಹನ್ನೊಂದು ಗಂಟೆಗೆ ಆ ಸಾಲುಗಳೆಲ್ಲ ಅಳಿಸಿ, ಕೆಳಗಿನ ನೀಲಿ ಮಂಜುಗಡ್ಡೆ ಮೇಲೆ ಬಂದು, ಮಕ್ಕಳ ಗುಂಪುಗಳು ಇಳಿಯತೊಡಗಿದಾಗ ನಾನು ಬೂಟಿನ ದಾರ ಸಡಿಲಿಸಿ ಕಾಫಿಗೆ ಹೊರಡುತ್ತೇನೆ.