ಕತಗಾಲದ ಬಾವಿ, ಬೆಂಗಳೂರಿನ ನಲ್ಲಿ

ಕುಮಟಾ–ಶಿರಸಿ ರಸ್ತೆಯ ಕತಗಾಲದಲ್ಲಿ ಮನೆಯ ಬಾವಿಯಿಂದ ನೀರು ಸೇದುವವರನ್ನೂ ಬೆಂಗಳೂರಿನ ಬಡಾವಣೆಯಲ್ಲಿ ನಲ್ಲಿ ತಿರುಗಿಸುವವರನ್ನೂ ಜನಗಣತಿ ಕೇಳುವುದು ಅವೇ ಪ್ರಶ್ನೆಗಳನ್ನು. 2010ರ ಮನೆಪಟ್ಟಿಯಲ್ಲಿ ಕುಡಿಯುವ ನೀರಿಗೆ ಎರಡು ಪ್ರಶ್ನೆಗಳಿದ್ದವು: ನೀರಿನ ಮೂಲ ಯಾವುದು, ಅದು ಎಲ್ಲಿದೆ. ಬಾವಿಯಾದರೆ ಮುಚ್ಚಿದ್ದೋ ತೆರೆದದ್ದೋ ಎಂಬುದನ್ನೂ ಗುರುತಿಸಬೇಕಿತ್ತು.

‘ನಲ್ಲಿ ನೀರಿನ ಮನೆಗಳು ಶೇಕಡಾ ಎಷ್ಟು’ ಎಂಬ ಒಂದೇ ಅಂಕಣ ಹಿಡಿದು ಊರುಗಳನ್ನು ಹೋಲಿಸಿದರೆ ಕರಾವಳಿಯ ಬಾವಿಮನೆ ಹಿಂದೆ ಬೀಳುತ್ತದೆ. ಎರಡನೆಯ ಪ್ರಶ್ನೆಯನ್ನೂ ಸೇರಿಸಿದರೆ ಲೆಕ್ಕ ತಿರುಗುತ್ತದೆ: ಬಾವಿ ಹಿತ್ತಲಲ್ಲೇ ಇದೆ, ನಗರದ ಎಷ್ಟೋ ಕೊಳೆಗೇರಿಗಳಲ್ಲಿ ನಲ್ಲಿ ಇರುವುದು ಬೀದಿಯಲ್ಲಿ. ಆ ಬಾವಿ ಬೇಸಿಗೆಯಲ್ಲಿ ತಳ ಕಾಣುತ್ತದೆಯೇ ಎಂದು ಮಾತ್ರ ನಮೂನೆ ಕೇಳುವುದಿಲ್ಲ.

ಇನ್ನೂ ಒಂದು ತೊಡಕಿದೆ. ಮನೆಯ ಹೊರಗಿನ ನೀರು ‘ಹತ್ತಿರ’ ಎನಿಸಲು ನಗರದಲ್ಲಿ 100 ಮೀಟರ್ ಒಳಗಿರಬೇಕು. ಹಳ್ಳಿಯಲ್ಲಿ 500 ಮೀಟರ್ ಒಳಗಿದ್ದರೂ ಆಯಿತು. ತುಂಬಿದ ಕೊಡ ಹೊತ್ತು ಹೆಚ್ಚುಕಡಿಮೆ ಅರ್ಧ ಕಿಲೋಮೀಟರ್ ನಡೆಯುವ ಹೆಂಗಸಿನ ಶ್ರಮ ಕೋಷ್ಟಕದಲ್ಲಿ ಕಾಣುವುದೇ ಇಲ್ಲ. ಈ ಅಳತೆ ಗಮನಿಸದೆ ಹಳ್ಳಿ, ನಗರಗಳನ್ನು ಅಕ್ಕಪಕ್ಕ ಇಡುವುದು ಹಳ್ಳಿಗೆ ಮಾಡುವ ಅನ್ಯಾಯ.

ಭಟ್ಕಳದಲ್ಲಿ ಸಮಸ್ಯೆ ಬೇರೆ. ಅಲ್ಲಿಯ ಬಹಳಷ್ಟು ಗಂಡಸರು ದುಡಿಯುವುದು ಕೊಲ್ಲಿ ದೇಶಗಳಲ್ಲಿ. 2011ರ ಫೆಬ್ರವರಿ 9ರಿಂದ 28ರವರೆಗಿನ ಎಣಿಕೆಯುದ್ದಕ್ಕೂ ಹೊರದೇಶದಲ್ಲಿದ್ದವರು ಲೆಕ್ಕಕ್ಕೆ ಸೇರಲಿಲ್ಲ. ಹೀಗಾಗಿ ಅಂಥ ಕೇರಿಗಳ ಲಿಂಗಾನುಪಾತವನ್ನು ವಲಸೆಯ ಅರಿವಿಟ್ಟುಕೊಂಡೇ ಓದಬೇಕು.

ಮಹಾನಗರದಲ್ಲಿ ಎಡವಿಸುವುದು ಗಡಿ. 2011ರಲ್ಲಿ ಬೆಂಗಳೂರು ಪಾಲಿಕೆಯ 198 ವಾರ್ಡುಗಳಲ್ಲಿ ಸುಮಾರು 84 ಲಕ್ಷ ಜನರಿದ್ದರು. ವಾರ್ಡಿಗೆ ಸರಾಸರಿ 42 ಸಾವಿರಕ್ಕೂ ಹೆಚ್ಚು. ಒಂದು ವಾರ್ಡಿನ ಅರ್ಧ ಭಾಗದಲ್ಲಿ ಎಲ್ಲ ಮನೆಗಳಿಗೂ ಶೌಚಾಲಯವಿದೆ, ಉಳಿದರ್ಧದಲ್ಲಿ ಐದು ಮನೆಗಳಲ್ಲಿ ಒಂದಕ್ಕೆ ಮಾತ್ರ ಇದೆ ಎಂದುಕೊಳ್ಳಿ. ವಾರ್ಡಿನ ಸರಾಸರಿ ಶೇ. 60. ಎರಡರಲ್ಲಿ ಯಾವ ಭಾಗದ ಸ್ಥಿತಿಯೂ ಅದಲ್ಲ. ಗಣತಿದಾರರು ಸುತ್ತುವ ಬ್ಲಾಕಿನಲ್ಲಾದರೆ ಇರುವುದು ಸಾಧಾರಣವಾಗಿ 600–800 ಜನ; ಕೇರಿಯಿಂದ ಕೇರಿಗಿರುವ ವ್ಯತ್ಯಾಸ ಆ ಮಟ್ಟದಲ್ಲಿ ಎದ್ದು ಕಾಣುತ್ತದೆ. ಒಬ್ಬೊಬ್ಬರ ಉತ್ತರವನ್ನು 1948ರ ಜನಗಣತಿ ಕಾಯ್ದೆ ಗುಟ್ಟಾಗಿ ಕಾಯುತ್ತದೆ, ಕಾಯಲೇಬೇಕು. ಬ್ಲಾಕಿನ ಒಟ್ಟು ಮೊತ್ತವಾದರೂ ಶಾಲೆ, ಚರಂಡಿಗಳ ಯೋಜನೆ ಹಾಕುವವರ ಕೈಗೆ ಸುಲಭವಾಗಿ ಸಿಗಬೇಕು.

ಮುಂದಿನ ಗಣತಿಗೆ ಗೊತ್ತಾಗಿರುವ ದಿನ 2027ರ ಮಾರ್ಚ್ 1. ಕಂದಾಯ ಗ್ರಾಮಗಳ ಗಡಿ ಅಷ್ಟಾಗಿ ಕದಲುವುದಿಲ್ಲ. ಬೆಂಗಳೂರು ಮಾತ್ರ 2025ರಲ್ಲಿ ಐದು ನಗರಪಾಲಿಕೆಗಳಾಗಿ ಒಡೆದು, ವಾರ್ಡುಗಳ ಗೆರೆಗಳೂ ಬದಲಾಗಿವೆ. ಹಳೆಯ ಅಂಕಿಗಳ ಜೊತೆ ಹೊಸದನ್ನು ಹೋಲಿಸಬೇಕಾದರೆ ಎರಡೂ ನಕ್ಷೆಗಳನ್ನು ಒಂದರ ಮೇಲೊಂದು ಇಟ್ಟು, ಹಳೆಯ ವಾರ್ಡಿನ ಯಾವ ತುಂಡು ಈಗ ಎಲ್ಲಿ ಸೇರಿದೆ ಎಂದು ಬ್ಲಾಕ್ ಬ್ಲಾಕಾಗಿ ಹಂಚಿಕೊಳ್ಳಬೇಕಾಗುತ್ತದೆ.