ಮಿನುಗುವ ದೀಪದ ನುಡಿ

ಗೇರುಗಳು ತಾವಾಗಿಯೇ ಬದಲಾಗುವ ಹಳೆಯ ಕಾರುಗಳಲ್ಲಿ ಒಂದು ಬಗೆಯ ತೊಂದರೆ ಯಜಮಾನನ ತಾಳ್ಮೆಯನ್ನು ಬಹಳವಾಗಿ ಪರೀಕ್ಷಿಸುವುದುಂಟು. ೧೯೯೪ರ ಹೋಂಡಾ ಅಕಾರ್ಡ್ ಕಾರನ್ನೇ ತೆಗೆದುಕೊಳ್ಳೋಣ. ಅರ್ಧ ಗಂಟೆ ಓಡಿದ ಮೇಲೆ ಚಾಲಕನ ಮುಂದಿರುವ ‘ಡಿ ೪’ ಎಂಬ ದೀಪವು ಮಿನುಗತೊಡಗುತ್ತದೆ. ಎಂಜಿನನ್ನು ನಿಲ್ಲಿಸಿ ಮತ್ತೆ ಹೊರಡಿಸಿದರೆ ಏನೂ ಇಲ್ಲ! ಗ್ಯಾರೇಜಿಗೆ ಒಯ್ಯುವಷ್ಟರಲ್ಲಿ ರೋಗವೇ ಮಾಯ. ಗೇರುಪೆಟ್ಟಿಗೆಯನ್ನೇ ಬದಲಿಸಬೇಕೆಂಬ ದುಬಾರಿ ಸಲಹೆ ಬರುವುದೂ ಇಂಥ ಸಂದರ್ಭದಲ್ಲಿಯೇ. ಅದಕ್ಕೆ ಒಪ್ಪುವ ಮುನ್ನ ದೀಪವನ್ನೇ ಕೇಳಿನೋಡುವುದು ಲೇಸೆಂದು ನಾವು ಭಾವಿಸುತ್ತೇವೆ.

ಗೇರುಗಳನ್ನು ಆಳುವ ಪುಟ್ಟ ಗಣಕವು ತಾನು ಕಂಡ ದೋಷವನ್ನು ನೆನಪಿನಲ್ಲಿಟ್ಟಿರುತ್ತದೆ. ಪರೀಕ್ಷೆಗೆಂದೇ ಇರಿಸಿರುವ ಕೊಂಡಿಯ ಎರಡು ತುದಿಗಳನ್ನು ತುಂಡು ತಂತಿಯಿಂದ ಕೂಡಿಸಿ ಕೀಲಿ ತಿರುಗಿಸಿದರೆ ಅದೇ ದೀಪವು ಮಿನುಗಿ ಉತ್ತರಿಸುತ್ತದೆ. ದೀರ್ಘವಾದ ಮಿನುಗು ಹತ್ತಕ್ಕೆ, ಹ್ರಸ್ವವಾದುದು ಒಂದಕ್ಕೆ ಸಮ. ಒಂದು ದೀರ್ಘ, ಐದು ಹ್ರಸ್ವ ಬಂದರೆ ೧೫. ಗೇರುಪೆಟ್ಟಿಗೆಯ ಮುಖ್ಯದಂಡದ ವೇಗವನ್ನು ಅಳೆಯುವ ಸಂವೇದಕದ ಮಂಡಲದಲ್ಲಿ ದೋಷವಿದೆಯೆಂದರ್ಥ. ಬ್ಯಾಟರಿಯ ತಂತಿಯನ್ನು ಮೊದಲೇ ಕಳಚಿದರೆ ಈ ನೆನಪು ಅಳಿದುಹೋಗುತ್ತದೆ.

ಆದರೆ ಬಿಸಿಯಾದಾಗ ಮಾತ್ರವೇ ಏಕೆ? ಈ ಸಂವೇದಕದಲ್ಲಿ ಒಂದು ಅಯಸ್ಕಾಂತವೂ ಎಳೆತಂತಿಯ ಸುರುಳಿಯೂ ಇವೆ. ಎದುರಿನ ಹಲ್ಲುಚಕ್ರವು ತಿರುಗಿದಂತೆ ಕಾಂತಕ್ಷೇತ್ರವು ಬದಲಾಗಿ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಫ್ಯಾರಡೆ ೧೮೩೧ರಲ್ಲಿ ಕಂಡುಕೊಂಡ ತತ್ತ್ವವೇ ಇದು. ತಂತಿಯು ಒಳಗೇ ತುಂಡಾಗಿದ್ದರೂ ತಣ್ಣಗಿರುವಾಗ ತುದಿಗಳು ಒಂದನ್ನೊಂದು ತಾಗಿಕೊಂಡಿರಬಹುದು. ಕಾವೇರಿ ಸುತ್ತಲಿನ ವಸ್ತು ಹಿಗ್ಗಿದಾಗ ಅವು ಅಗಲುತ್ತವೆ. ಆದುದರಿಂದ ಎಂಜಿನನ್ನು ನಿಲ್ಲಿಸಿ, ಸಂವೇದಕದ ಕೊಂಡಿಯನ್ನು ಬಿಚ್ಚಿ, ಬಿಸಿ ಆರುವ ಮೊದಲೇ ಸುರುಳಿಯ ರೋಧವನ್ನು ಅಳೆಯತಕ್ಕದ್ದು. ಅಳೆಯುತ್ತಿರುವಾಗಲೇ ತಂತಿಯನ್ನು ಮೆಲ್ಲನೆ ಅಲುಗಿಸಬೇಕು. ಎಲ್ಲಿ ಮುಟ್ಟಿದಾಗ ಮಾಪಕದ ಮುಳ್ಳು ನೆಗೆಯುವುದೋ ಅಲ್ಲಿಯೇ ಹುಡುಕಬೇಕು.