ಪ್ರತಿಕೃತಿ ನೌಕೆಗಳಲ್ಲಿಯೂ ವಿಮಾನಗಳಲ್ಲಿಯೂ ಹಗ್ಗದ ಕಟ್ಟು

ಹಾಯಿಯ ಯುದ್ಧನೌಕೆಗಳನ್ನೂ ಜೋಡಿರೆಕ್ಕೆಯ ಹಳೆಯ ವಿಮಾನಗಳನ್ನೂ ಅಳತೆಗೆ ಸರಿಯಾಗಿ ಚಿಕ್ಕದಾಗಿ ನಿರ್ಮಿಸುವ ವಿದ್ಯೆಯು ಪಾಶ್ಚಾತ್ಯ ದೇಶಗಳಲ್ಲಿ ಬಹಳವಾಗಿ ಬೆಳೆದಿದೆ. ಇವೆರಡನ್ನೂ ಒಟ್ಟಿಗೆ ವಿಚಾರಿಸುವುದು ಮೊದಲ ನೋಟಕ್ಕೆ ವಿಚಿತ್ರವಾಗಿ ತೋರಬಹುದು. ಒಂದು ಓಕ್ ಮರದ ತೇಲುವ ಕೋಟೆ. ಮತ್ತೊಂದು ಬಟ್ಟೆ ಹೊದಿಸಿದ ಹಗುರವಾದ ಗೂಡು. ಆದರೆ ಎರಡರಲ್ಲಿಯೂ ನಿಂತಿರುವುದನ್ನು ನಿಲ್ಲಿಸಿರತಕ್ಕದ್ದು ಬಿಗಿದ ಹಗ್ಗ ಅಥವಾ ತಂತಿ. ಹಡಗಿನ ಕೂವೆಮರವು ಕೇವಲ ತನ್ನ ಬುಡದ ಬಲದಿಂದ ಬಿರುಗಾಳಿಯನ್ನು ತಡೆಯಲಾರದು. ಹಳೆಯ ವಿಮಾನದ ರೆಕ್ಕೆಯು ತಂತಿಗಳನ್ನು ಕಳಚಿದರೆ ತನ್ನ ಭಾರವನ್ನೇ ಹೊರಲಾರದು. ಆದುದರಿಂದ ಪ್ರತಿಕೃತಿಯಲ್ಲಿ ಈ ಕಟ್ಟನ್ನು ಕೇವಲ ಅಲಂಕಾರವೆಂದು ಭಾವಿಸುವವನು ವಸ್ತುವಿನ ಚರ್ಮವನ್ನು ತೋರಿಸಿ ನರಗಳನ್ನು ಬಿಟ್ಟಂತಾಗುತ್ತದೆ. ಮುಂದಿನ ಕಾಲದವರು ಇಂತಹ ಪ್ರತಿಕೃತಿಗಳನ್ನೇ ಇತಿಹಾಸದ ಸಾಕ್ಷ್ಯವೆಂದು ಎತ್ತಿಕೊಳ್ಳುವುದುಂಟಾದುದರಿಂದ ಈ ತಪ್ಪು ಸಣ್ಣದಲ್ಲ.

ಮೊದಲು ಅಳತೆಯ ವಿಷಯ. ಎಂಟನೆಯ ಒಂದು ಅಂಗುಲಕ್ಕೆ ಒಂದು ಅಡಿಯಂತೆ ಲೆಕ್ಕಹಾಕಿದರೆ ಪ್ರತಿಕೃತಿಯು ಮೂಲದ 96ನೆಯ ಒಂದು ಪಾಲು ಆಗುತ್ತದೆ. ಕಾಲಂಗುಲಕ್ಕೆ ಒಂದು ಅಡಿಯಾದರೆ 48ನೆಯ ಪಾಲು. ಒಂದು ಅಂಗುಲಕ್ಕೆ ಆರು ಅಡಿಯಾದರೆ 72ನೆಯ ಪಾಲು. ಮೊದಲನೆಯ ಎರಡು ನೌಕೆಗಳಲ್ಲಿಯೂ, ಕೊನೆಯ ಎರಡು ವಿಮಾನಗಳಲ್ಲಿಯೂ ಹೆಚ್ಚಾಗಿ ಬಳಕೆಯಲ್ಲಿವೆ. ಟ್ರಫಾಲ್ಗರ್ ಯುದ್ಧದಲ್ಲಿ ನೆಲ್ಸನ್ನನು ಏರಿದ್ದ 'ವಿಕ್ಟರಿ' ನೌಕೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. 1765ರಲ್ಲಿ ಚ್ಯಾಟಮ್ ಕಟ್ಟೆಯಲ್ಲಿ ನೀರಿಗಿಳಿದ ಈ ನೌಕೆಯ ಹಗ್ಗಗಳ ಒಟ್ಟು ಉದ್ದ ಸುಮಾರು 26 ಮೈಲಿ. 96ನೆಯ ಪಾಲಿನ ಪ್ರತಿಕೃತಿಯಲ್ಲಿ ಅದು ಸುಮಾರು 1,430 ಅಡಿ ನೂಲಾಗುತ್ತದೆ. ಇದರ ಪ್ರಧಾನ ಕೂವೆಮರವನ್ನು ಮುಂಭಾಗಕ್ಕೆ ಬಿಗಿಯುವ 'ಮೇನ್ ಸ್ಟೇ' ಎಂಬ ಹಗ್ಗವೇ ನೌಕೆಯ ಬಿಗಿಹಗ್ಗಗಳಲ್ಲೆಲ್ಲ ದಪ್ಪವಾದುದು. ಅದರ ಅಳತೆ 19 ಅಂಗುಲ.

ಇಲ್ಲಿಯೇ ಹೊಸಬರು ಎಡವುವುದು. ನಾವಿಕರು ಹಗ್ಗದ ದಪ್ಪವನ್ನು ಅಡ್ಡಳತೆಯಿಂದ ಹೇಳುತ್ತಿರಲಿಲ್ಲ, ಸುತ್ತಳತೆಯಿಂದ ಹೇಳುತ್ತಿದ್ದರು. 19 ಅಂಗುಲ ಸುತ್ತಳತೆಯೆಂದರೆ ಸುಮಾರು ಆರು ಅಂಗುಲ ಅಡ್ಡಳತೆ. ಪ್ರತಿಕೃತಿಯಲ್ಲಿ ಅದು 1.6 ಮಿಲಿಮೀಟರ್. ಸುತ್ತಳತೆಯನ್ನೇ ಅಡ್ಡಳತೆಯೆಂದು ತಿಳಿದವನು ಐದು ಮಿಲಿಮೀಟರಿನ ಮಿಣಿಯನ್ನು ಕಟ್ಟಿ, ಏಕೆ ತನ್ನ ನೌಕೆಯು ಜೇಡರಬಲೆಗೆ ಸಿಕ್ಕಿದಂತೆ ಕಾಣುತ್ತದೆಂದು ಬೆರಗಾಗುತ್ತಾನೆ. ಇದಕ್ಕೆ ವಿರುದ್ಧವಾದ ಕಷ್ಟವು ಸಣ್ಣ ಹುರಿಗಳಲ್ಲಿದೆ. ಪಕ್ಕದ ಬಿಗಿಹಗ್ಗಗಳಿಗೆ ಅಡ್ಡಲಾಗಿ ಕಟ್ಟಿ ಏಣಿಯಂತೆ ಏರಲು ಬಳಸುತ್ತಿದ್ದ ಹುರಿಯು ಸುತ್ತಳತೆಯಲ್ಲಿ ಸುಮಾರು ಒಂದೂವರೆ ಅಂಗುಲವಿದ್ದರೆ, ಪ್ರತಿಕೃತಿಯಲ್ಲಿ ಅದು ಮಿಲಿಮೀಟರಿನ ಎಂಟನೆಯ ಒಂದು ಪಾಲು. ಆ ನೂಲಿನಲ್ಲಿ ಸಾವಿರಾರು ಗಂಟುಗಳನ್ನು ಚಿಮಟದ ತುದಿಯಿಂದ ಹಾಕಬೇಕಾಗುತ್ತದೆ; ಒಂದನ್ನು ಅತಿಯಾಗಿ ಬಿಗಿದರೆ ಪಕ್ಕದ ಹಗ್ಗಗಳೆರಡೂ ನಡುವಿನಲ್ಲಿ ಸೊಂಟ ಕಟ್ಟಿದಂತೆ ಒಳಕ್ಕೆ ಬಾಗುತ್ತವೆ.

ಹಗ್ಗದ ಹೊಸೆತವೂ ಲಕ್ಷ್ಯಕ್ಕೆ ಬರತಕ್ಕದ್ದು. ಸಾಮಾನ್ಯವಾದ ನೌಕಾರಜ್ಜುವು ಮೂರು ಎಳೆಗಳನ್ನು ಬಲಮುರಿಯಾಗಿ ಹೊಸೆದದ್ದು. ಅಂತಹ ಮೂರು ಹಗ್ಗಗಳನ್ನು ಪುನಃ ಎಡಮುರಿಯಾಗಿ ಹೊಸೆದರೆ ಲಂಗರಿಗೆ ಕಟ್ಟುವ ಮಿಣಿಯಾಗುತ್ತದೆ. ಅಂಗಡಿಯ ನೂಲಿನಲ್ಲಿ ಈ ಭೇದವು ದೊರೆಯುವುದಿಲ್ಲವಾದ್ದರಿಂದ ಶ್ರದ್ಧೆಯುಳ್ಳವರು ಕೊಕ್ಕೆಗಳೂ ಹಲ್ಲುಗಾಲಿಗಳೂ ಉಳ್ಳ ಸಣ್ಣ ಯಂತ್ರದಿಂದ ತಮ್ಮ ಹಗ್ಗವನ್ನು ತಾವೇ ಹೊಸೆದುಕೊಳ್ಳುತ್ತಾರೆ. ಚ್ಯಾಟಮಿನಲ್ಲಿ ಇಂದಿಗೂ ಹಗ್ಗ ತಯಾರಾಗುವ, ಕಾಲು ಮೈಲಿಗೆ ತುಸು ಕಡಮೆ ಉದ್ದದ ಶಾಲೆಯಲ್ಲಿ ನಡೆಯುವ ಕೆಲಸವೇ ಮೇಜಿನ ಮೇಲೆ ನಡೆಯುತ್ತದೆ. ಸ್ಥಿರವಾಗಿ ಬಿಗಿದ ಹಗ್ಗಗಳಿಗೆ ಟಾರು ಸವರುತ್ತಿದ್ದುದರಿಂದ ಅವು ಕಪ್ಪು. ಹಾಯಿಗಳನ್ನೂ ಅಡ್ಡಮರಗಳನ್ನೂ ಎಳೆದಾಡಿಸುವ ಹಗ್ಗಗಳು ನಾರಿನ ಬಣ್ಣದವು. ಈ ಎರಡು ಬಣ್ಣಗಳನ್ನು ಕಂಡಮಾತ್ರಕ್ಕೆ ಯಾವುದು ಹೊರುವುದು, ಯಾವುದು ಚಲಿಸುವುದು ಎಂದು ನೋಡುವವನಿಗೆ ತಿಳಿಯುತ್ತದೆ.

ಎಷ್ಟೇ ಚಿಕ್ಕದಾಗಿಸಿದರೂ ಒಪ್ಪದ ಒಂದು ಗುಣವು ಹಗ್ಗಕ್ಕುಂಟು. ಉದ್ದವು 96ರಲ್ಲಿ ಒಂದಾದಾಗ ತೂಕವು 96ರ ಘನಕ್ಕೆ, ಎಂದರೆ ಸುಮಾರು ಎಂಟು ಲಕ್ಷದ ಎಂಬತ್ತೈದು ಸಾವಿರಕ್ಕೆ ಒಂದಾಗುತ್ತದೆ. ನಿಜವಾದ ನೌಕೆಯಲ್ಲಿ ಸಡಿಲವಾದ ಹಗ್ಗವು ತನ್ನ ಭಾರದಿಂದಲೇ ಸುಂದರವಾಗಿ ಜೋತುಬೀಳುತ್ತದೆ; ಪ್ರತಿಕೃತಿಯ ನೂಲಿಗೆ ಆ ಭಾರವಿಲ್ಲ, ಬಿರುಸು ಮಾತ್ರ ಇದೆ. ಅದು ಜೋತುಬೀಳದೆ ತಂತಿಯಂತೆ ಸೆಟೆದು ನಿಲ್ಲುತ್ತದೆ. ಆದುದರಿಂದ ನೀರಾದ ಅಂಟನ್ನು ಸವರಿ, ಒಣಗುವವರೆಗೆ ಸಣ್ಣ ತೂಕವನ್ನು ನೇತುಹಾಕಿ, ಪ್ರಕೃತಿಯು ಮಾಡಬೇಕಾದ ಬಾಗನ್ನು ಕೈಯಿಂದ ಮಾಡಬೇಕಾಗುತ್ತದೆ. ಇದನ್ನು ಕೃತ್ರಿಮವೆನ್ನುವವರಿದ್ದಾರೆ. ಅಳತೆಗೆ ನಿಷ್ಠವಾಗಿದ್ದು ನೋಟಕ್ಕೆ ಸುಳ್ಳಾಗುವುದಕ್ಕಿಂತ ಈ ಕೃತ್ರಿಮವೇ ಲೇಸು.

ಕಟ್ಟುವ ಕ್ರಮವು ನಿಜವಾದ ಹಡಗಿನದೇ ಆಗಿರಬೇಕು: ಕೆಳಗಿನದು ಮೊದಲು, ಮೇಲಿನದು ಅನಂತರ, ಒಳಗಿನದು ಮೊದಲು, ಹೊರಗಿನದು ಅನಂತರ, ಪಕ್ಕದ ಹಗ್ಗಗಳನ್ನು ಬಲಕ್ಕೊಂದು ಜೊತೆ, ಎಡಕ್ಕೊಂದು ಜೊತೆಯಂತೆ. ಒಂದೇ ಪಕ್ಕವನ್ನು ಪೂರೈಸಿ ಮತ್ತೊಂದಕ್ಕೆ ಹೋದರೆ ಕೂವೆಮರವು ಓಲುತ್ತದೆ. ಈ ಕ್ರಮವು ನಕ್ಷೆಗಳಲ್ಲಿ ಸಿಕ್ಕುವುದು ಅಪೂರ್ವ. ಮುಂಬಯಿಯಲ್ಲಿ ವಾಡಿಯಾ ಮನೆತನದವರು ತೇಗದ ಮರದಿಂದ ಕಟ್ಟಿ 1817ರಲ್ಲಿ ನೀರಿಗಿಳಿಸಿದ 'ಟ್ರಿಂಕಾಮಲೀ' ಎಂಬ ಯುದ್ಧನೌಕೆಯು ಇಂದು ಇಂಗ್ಲೆಂಡಿನ ಹಾರ್ಟಲ್‌ಪೂಲಿನಲ್ಲಿದೆ. ಅದರ ನಕ್ಷೆಗಳನ್ನು ತರುತ್ತಿದ್ದ 'ಜಾವಾ' ನೌಕೆಯು 1812ರ ಡಿಸೆಂಬರಿನಲ್ಲಿ ಅಮೆರಿಕದವರೊಡನೆ ಕಾದಿ ನಾಶವಾದುದರಿಂದ ಎರಡನೆಯ ಪ್ರತಿಯನ್ನು ಕಳುಹಿಸಬೇಕಾಯಿತು. ಒಡಲಿನ ನಕ್ಷೆಯನ್ನು ಹೀಗೆ ಪುನಃ ಬರೆದು ಕಳುಹಿಸಬಹುದು. ಹಗ್ಗದ ವಿಷಯವಾದರೋ ಡೇವಿಡ್ ಸ್ಟೀಲನು 1794ರಲ್ಲಿ ಪ್ರಕಟಿಸಿದಂತಹ ಕೋಷ್ಟಕಗಳಲ್ಲಿಯೂ ಕೆಲಸಗಾರರ ಕೈಗಳಲ್ಲಿಯೂ ಇದ್ದಿತು.

ಜೋಡಿರೆಕ್ಕೆಯ ವಿಮಾನದ ಕಟ್ಟು ಹಡಗಿನಿಂದ ಬಂದುದಲ್ಲ, ಸೇತುವೆಯಿಂದ ಬಂದುದು. ರೈಲ್ವೆ ಸೇತುವೆಗಳ ಇಂಜಿನಿಯರಾಗಿದ್ದ ಆಕ್ಟೇವ್ ಶನೂಟನು 1896ರಲ್ಲಿ ಮಿಚಿಗನ್ ಸರೋವರದ ಮರಳುದಿಬ್ಬಗಳಲ್ಲಿ ಪರೀಕ್ಷಿಸಿದ ತೇಲುವಿಮಾನದಲ್ಲಿ, ಎರಡು ರೆಕ್ಕೆಗಳ ನಡುವೆ ನೆಟ್ಟ ಕಂಬಗಳಿಗೆ ಕರ್ಣದ ತಂತಿಗಳನ್ನು ಬಿಗಿದು ಸೇತುವೆಯ ಚೌಕಟ್ಟನ್ನೇ ಆಕಾಶಕ್ಕೆ ಎತ್ತಿದನು. 1899ರಲ್ಲಿ ವಿಲ್ಬರ್ ರೈಟನು ಸೈಕಲ್ ಟ್ಯೂಬಿನ ಉದ್ದನೆಯ ರಟ್ಟಿನ ಪೆಟ್ಟಿಗೆಯನ್ನು ಕೈಯಲ್ಲಿ ತಿರುಚಿ ನೋಡಿ, ರೆಕ್ಕೆಗಳನ್ನು ಹೀಗೆಯೇ ತಿರುಚಬಹುದೆಂದು ಕಂಡುಕೊಂಡನು. ಆಮೇಲೆ ಐದು ಅಡಿ ಅಗಲದ ಜೋಡಿರೆಕ್ಕೆಯ ಗಾಳಿಪಟವನ್ನು ಕಟ್ಟಿ ನಾಲ್ಕು ಹುರಿಗಳಿಂದ ಅದನ್ನು ತಿರುಗಿಸಿ ಪರೀಕ್ಷಿಸಿದನು. 1903ರ ವಿಮಾನಕ್ಕಿಂತ ಮುಂಚೆ ಹುಟ್ಟಿದುದು ಹುರಿ ಕಟ್ಟಿದ ಈ ಚಿಕ್ಕ ಪ್ರತಿಕೃತಿ.

ಈ ತಂತಿಗಳಲ್ಲಿ ಮುಖ್ಯವಾಗಿ ಮೂರು ಬಗೆ. ಒಡಲಿನ ಕೆಳಭಾಗದಿಂದ ಹೊರಗಣ ಮೇಲುರೆಕ್ಕೆಗೆ ಏರುವ ತಂತಿಗಳು ಹಾರುವಾಗ ರೆಕ್ಕೆಯನ್ನು ಮೇಲಕ್ಕೆ ಕಿತ್ತುಹೋಗದಂತೆ ಹಿಡಿಯುತ್ತವೆ. ಭಾರವು ಇವುಗಳ ಮೇಲೆಯೇ ಹೆಚ್ಚಾದುದರಿಂದ ಹಲವು ವಿಮಾನಗಳಲ್ಲಿ ಇವು ಜೋಡಿಯಾಗಿರುತ್ತವೆ. ಮೇಲಿನಿಂದ ಹೊರಗಣ ಕೆಳರೆಕ್ಕೆಗೆ ಇಳಿಯುವ ತಂತಿಗಳು ನೆಲದ ಮೇಲೆ ನಿಂತಾಗ ರೆಕ್ಕೆ ಜೋಲದಂತೆ ತಡೆಯುತ್ತವೆ. ಮುಂದಿನ ಮತ್ತು ಹಿಂದಿನ ಕಂಬಗಳ ನಡುವಣ ಅಡ್ಡತಂತಿಗಳು ರೆಕ್ಕೆಯ ಓರೆಯನ್ನು ಕಾಯುತ್ತವೆ. ಪ್ರತಿಕೃತಿಯಲ್ಲಿ ಜೋಡಿ ತಂತಿಯನ್ನು ಇಳಿಯುವ ಕಡೆಗೆ ಕಟ್ಟಿ ಏರುವ ಕಡೆ ಒಂದನ್ನೇ ಬಿಟ್ಟವನು, ನೆಲದ ಮೇಲೆ ಗಟ್ಟಿಯಾಗಿದ್ದು ಆಕಾಶದಲ್ಲಿ ಮುರಿಯುವ ವಿಮಾನವನ್ನು ಕಟ್ಟಿದಂತಾಯಿತು. ತಂತಿಯ ಆಕಾರವೂ ದೇಶಕ್ಕೊಂದು ಬಗೆ: ಮೊದಲನೆಯ ಮಹಾಯುದ್ಧದಲ್ಲಿ ಆಂಗ್ಲರು ಗಾಳಿಯನ್ನು ಸೀಳುವ ಚಪ್ಪಟೆ ಉಕ್ಕಿನ ಪಟ್ಟಿಗಳನ್ನೂ ಜರ್ಮನರು ಹೆಚ್ಚಾಗಿ ದುಂಡನೆಯ ಹೆಣೆದ ತಂತಿಗಳನ್ನೂ ಬಳಸಿದರು. 1918ರಲ್ಲಿ ರಣರಂಗಕ್ಕೆ ಬಂದ ಫೋಕರ್ ಡಿ 7 ವಿಮಾನದ ರೆಕ್ಕೆಗಳ ನಡುವೆ ಇಂತಹ ತಂತಿಗಳೇ ಇಲ್ಲ; ಅದಕ್ಕೆ ಅಭ್ಯಾಸಬಲದಿಂದ ನೂಲು ಕಟ್ಟಿದರೆ ಅದರ ವೈಶಿಷ್ಟ್ಯವೇ ಅಳಿದುಹೋಗುತ್ತದೆ. 72ನೆಯ ಪಾಲಿನಲ್ಲಿ ಆರು ಮಿಲಿಮೀಟರಿನ ತಂತಿಯು ತಲೆಗೂದಲಿನಷ್ಟು ತೆಳ್ಳಗಾಗುತ್ತದೆ. ಪ್ಲಾಸ್ಟಿಕ್ ಕಡ್ಡಿಯನ್ನು ದೀಪದ ಮೇಲೆ ಮೆದುಗೊಳಿಸಿ ಎಳೆದ ಎಳೆಯನ್ನೋ ಹಿಗ್ಗುವ ನೂಲನ್ನೋ ಇದಕ್ಕೆ ಉಪಯೋಗಿಸುತ್ತಾರೆ. ಎರಡನೆಯದು ಕೈತಗುಲಿದರೂ ಮರಳಿ ಬಿಗಿಯಾಗುವುದರಿಂದ ಮೇಲು.

ಇನ್ನು ಸಾಕ್ಷ್ಯದ ವಿಷಯ. ಹದಿನೇಳನೆಯ ಶತಮಾನದ ನೌಕೆಗಳ ಹಗ್ಗದ ಕಟ್ಟನ್ನು ಕುರಿತು ಆರ್. ಸಿ. ಆಂಡರ್ಸನನು 1927ರಲ್ಲಿ ಪ್ರಕಟಿಸಿದ ಗ್ರಂಥಕ್ಕೆ ಆ ಕಾಲದ ಪ್ರತಿಕೃತಿಗಳು ಮುಖ್ಯ ಆಧಾರಗಳಾಗಿದ್ದವು. ಆದರೆ ಮರವು ಮುನ್ನೂರು ವರ್ಷ ಬಾಳಿದರೂ ನೂಲು ಬಾಳದು. ಧೂಳು, ಬೆಳಕು, ತೇವಗಳಿಂದ ಅದು ಪುಡಿಯಾಗುತ್ತದೆ; ಮುಚ್ಚಿದ ಪೆಟ್ಟಿಗೆಯಲ್ಲಿ ಓಕ್ ಮರದ ಹುಳಿಯಾವಿಯಿಂದ ಸೀಸದ ಫಿರಂಗಿಗಳು ಕೂಡ ಬಿಳಿಯ ಬೂದಿಯಾಗುತ್ತವೆ. ಹೀಗೆ ಹರಿದ ಕಟ್ಟನ್ನು ಎಷ್ಟೋ ನೌಕೆಗಳಲ್ಲಿ ಮುಂದಿನ ಶತಮಾನಗಳವರು ತಮ್ಮ ಕಾಲದ ಪದ್ಧತಿಯಂತೆ ಪುನಃ ಕಟ್ಟಿದರು. ಒಡಲು ಒಂದು ಶತಮಾನದ್ದು, ಹಗ್ಗ ಮತ್ತೊಂದು ಶತಮಾನದ್ದು. ಇದನ್ನು ಅರಿಯದೆ ಪ್ರಮಾಣವೆಂದು ಎತ್ತಿಕೊಂಡ ಸಂಶೋಧಕನು ಹಿಂದಿನ ನಾವಿಕರು ಕಾಣದ ಹಗ್ಗವನ್ನು ಅವರ ಕೈಗೆ ಕೊಡುತ್ತಾನೆ. ಜೀರ್ಣೋದ್ಧಾರಕ್ಕೆ ಕೈಹಾಕುವವನು ಹಳೆಯ ನೂಲಿನ ಪ್ರತಿಯೊಂದು ತುಂಡನ್ನೂ ಅದು ಇದ್ದ ಸ್ಥಾನ, ಅದರ ದಪ್ಪ, ಹೊಸೆತದ ದಿಕ್ಕು, ಗಂಟಿನ ರೀತಿ ಇವುಗಳನ್ನು ಬರೆದ ಚೀಟಿಯೊಡನೆ ಬೇರೆಯಾಗಿ ಇಡತಕ್ಕದ್ದು. ಹೊಸದಾಗಿ ಕಟ್ಟಿದುದು ಯಾವುದೆಂಬುದನ್ನು ಪೀಠದ ಅಡಿಯಲ್ಲಿ ವರ್ಷಸಹಿತವಾಗಿ ಕೆತ್ತತಕ್ಕದ್ದು.